ಕೂದಲಿನ ಮಾತ್ರೆ

ಮಾರ್ಚ್ ೯

ಅಕ್ಕ,

ನಿನ್ನೆ ಫೋನಿನಲ್ಲಿ ಅಮ್ಮ ಹೇಳಿದ್ದು ಯಾವುದೂ ನಿಜವಲ್ಲ. "ಗಟ್ಟಿಮುಟ್ಟಾಗಿದ್ದೀನಿ ಕಣೇ" ಎಂದಾಗ ಅವಳು ಗೋಡೆಗೆ ಒರಗಿ ನಿಂತಿದ್ದಳು. ಫೋನು ಇಟ್ಟ ಮೇಲೆ ಅಲ್ಲೇ ಕುಸಿದು ಕೂತಳು. ಮನೆಯಲ್ಲಿರುವುದು ಒಂದೇ ಫೋನು, ಮಾತಾಡುವಾಗ ಅವಳು ಪಕ್ಕದಿಂದ ಕದಲುವುದಿಲ್ಲ. ಹಾಗಾಗಿ ಇನ್ನು ಮೇಲೆ ಬರೆಯುತ್ತೇನೆ. ನಿನ್ನ ಹಡಗು ಮುಂದಿನ ಬಂದರು ಮುಟ್ಟಿದಾಗ ಸಿಗಲಿ. ಅಕ್ಷರ ನೋಡಿ ನಗಬೇಡ, ಶಾಲೆ ಬಿಟ್ಟ ಮೇಲೆ ಪೆನ್ನಿಗೂ ನನಗೂ ಮಾತುಕತೆ ಇರಲಿಲ್ಲ.

ಅಮ್ಮನಿಗೆ ಥೈರಾಯ್ಡ್ ತೊಂದರೆ ಇದೆ. ಕತ್ತಿನಲ್ಲಿರುವ ಗ್ರಂಥಿ ಮಾಡಬೇಕಾದಷ್ಟು ಕೆಲಸ ಮಾಡುತ್ತಿಲ್ಲವಂತೆ. ನಾವು ವಯಸ್ಸಾಯಿತು ಅಂದುಕೊಂಡದ್ದೆಲ್ಲ ಅದೇ: ಮುಖ ಊದಿದ್ದು, ಧ್ವನಿ ಗಂಡಸರ ಧ್ವನಿಯ ಹಾಗೆ ಒಡೆದದ್ದು, ಬೇಸಗೆಯಲ್ಲೂ ಕಂಬಳಿ ಕೇಳಿದ್ದು, ಒಲೆಯ ಮೇಲೆ ಹಾಲಿಟ್ಟು ಮರೆತದ್ದು. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಒಂದು ಪುಟ್ಟ ಮಾತ್ರೆ. ಜೀವನಪೂರ್ತಿ. ಸರಿಹೋಗುತ್ತಾರೆ ಎಂದು ವೈದ್ಯರು ಧೈರ್ಯ ಹೇಳಿದ್ದಾರೆ.

ಅಮ್ಮನಿಗೆ ಇದ್ಯಾವುದರ ಚಿಂತೆಯೂ ಇಲ್ಲ. ಅವಳ ಚಿಂತೆಯೆಲ್ಲ ಕೂದಲಿನದು. ನೆತ್ತಿ ಕಾಣುವಷ್ಟು ಉದುರಿದೆ. ಮೂವತ್ತು ವರ್ಷದಿಂದ ನಾಟಕದವರಿಗೆ, ಸಿನೆಮಾದವರಿಗೆ, ಕಾಯಿಲೆಯವರಿಗೆ ಕೃತಕ ಕೂದಲು ಕಟ್ಟಿಕೊಟ್ಟವಳು, ತನ್ನ ತಲೆಯ ಮೇಲೆ ಸೆರಗು ಎಳೆದುಕೊಂಡು ಕಾರ್ಖಾನೆಗೆ ಬರುತ್ತಾಳೆ. ಅಲ್ಲಿ ನಮ್ಮ ಎದುರು ಸಾಲಿನಲ್ಲಿ ಕೂತು ಕೂದಲು ಕಟ್ಟುವ ಅಜ್ಜಿ ಗೊತ್ತಲ್ಲ, ಬಾಯಿಗೆ ಬೀಗವಿಲ್ಲದವಳು. ಮೊನ್ನೆ ಎಲ್ಲರ ಮುಂದೆ, "ಒಂದು ನಿಂಗೇ ಕಟ್ಕೋ ತಾಯಿ, ಅಳತೆ ತಗೊಳ್ಳೋ ಕೆಲಸ ಇಲ್ಲ" ಎಂದಳು. ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು. ಮನೆಗೆ ಬಂದು ಊಟ ಮಾಡಲಿಲ್ಲ.

ಉದುರಿದ ಕೂದಲನ್ನು ಅವಳು ಎಸೆಯುವುದಿಲ್ಲ. ದಿನಾ ಆರಿಸಿ, ಬುಡವೆಲ್ಲ ಒಂದು ಕಡೆ, ತುದಿಯೆಲ್ಲ ಒಂದು ಕಡೆ ಬರುವಂತೆ ಹೊಂದಿಸಿ, ದಾರ ಸುತ್ತಿ ಇಡುತ್ತಾಳೆ. ಏನಕ್ಕೆ ಎಂದು ಕೇಳಿದರೆ, "ಕೈ ಸುಮ್ನಿರಲ್ಲ" ಎನ್ನುತ್ತಾಳೆ.

ನಿಜ ಹೇಳಬೇಕು ಅನಿಸಿತು, ಹೇಳಿದೆ.

ಬುಗುರಿ


ಏಪ್ರಿಲ್ ೧೪

ಬುಗುರಿ,

ನಿನ್ನ ಪತ್ರ ಓದಿ ಎರಡು ದಿನ ಹಡಗಿನ ಅಂಗಡಿಯಲ್ಲಿ ಯಾರಿಗೆ ಏನು ಮಾರಿದೆನೋ ಗೊತ್ತಿಲ್ಲ. ಆಮೇಲೆ ಕೇಳಿ ತಿಳಿದುಕೊಂಡೆ. ಈ ಹಡಗಿನ ಪ್ರಯಾಣಿಕರಲ್ಲಿ ಅರ್ಧ ಹೆಂಗಸರು ಅದೇ ಮಾತ್ರೆ ನುಂಗುತ್ತಾರಂತೆ, ನುಂಗಿ ರಾತ್ರಿ ಕುಣಿಯುತ್ತಾರೆ. ಅಮ್ಮನೂ ಕುಣಿಯುತ್ತಾಳೆ, ನೋಡುತ್ತಿರು.

ಈ ಪತ್ರದ ಜೊತೆ ಒಂದು ಪಾರ್ಸೆಲ್ ಇದೆ. ಗುಲಾಬಿ ಸೀಸೆಗಳಲ್ಲಿ ಇರುವುದು ಕೂದಲಿನ ಮಾತ್ರೆ. ನಮ್ಮ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಖರ್ಚಾಗುವುದು ಇದೇ. ಔಷಧಿಯಲ್ಲ, ಹೆದರಬೇಡಿ, ಕೂದಲಿಗೂ ಉಗುರಿಗೂ ಬಲ ಕೊಡುವ ಜೀವಸತ್ವ, ಅಷ್ಟೇ. ದಿನಕ್ಕೊಂದು. ಅಮ್ಮ ಮರೆಯುತ್ತಾಳೆ, ಅದಕ್ಕೇ ಬೆಳಗಿನ ಮಾತ್ರೆಯ ಜೊತೆಗೇ ಕೊಟ್ಟುಬಿಡು. ನಾನು ಕಳಿಸಿದ್ದೆಂದು ಹೇಳಿ ಕೊಡು, ಬಿಡುವುದಿಲ್ಲ.

ಎದುರು ಸಾಲಿನ ಅಜ್ಜಿಗೆ ಹೇಳು, ನನ್ನ ಅಮ್ಮನ ಜಡೆ ಮತ್ತೆ ಸೊಂಟ ಮುಟ್ಟಿದಾಗ ಅವಳಿಗೂ ಒಂದು ಸೀಸೆ ತಂದುಕೊಡುತ್ತೇನೆ, ನಾಲಿಗೆಗೆ ಹಚ್ಚಿಕೊಳ್ಳಲಿ.

ಮತ್ತೆ ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟುವ ವಿಚಾರ ಏನು ಮಾಡಿದೆ? ಉತ್ತರ ಕೊಡದೆ ನುಣುಚಿಕೊಳ್ಳಬೇಡ.

ಅಕ್ಕ


ಜೂನ್ ೬

ಅಕ್ಕ,

ಪರೀಕ್ಷೆ ಕಟ್ಟುವುದಿಲ್ಲ. ನುಣುಚಿಕೊಂಡಿಲ್ಲ, ಉತ್ತರ ಇದೇ. ಶಾಲೆಯ ತನಿಖೆಗೆ ಬಂದವರು ವಿಜ್ಞಾನದ ಪಾಠವೆಲ್ಲ ಮುಗಿದಿದೆಯೇ ಎಂದು ಕೇಳಿದರು. ಇಡೀ ತರಗತಿ ಹೌದು ಎಂದಿತು, ನಾನು ಇಲ್ಲ ಎಂದೆ. ಅದಕ್ಕೆ ಕ್ಷಮೆ ಕೇಳು ಎಂದ ಶಾಲೆಗೆ ಮತ್ತೆ ಯಾವ ಮುಖ ಇಟ್ಟುಕೊಂಡು ಹೋಗಲಿ? ಮುಖ ಇಲ್ಲದಿರುವುದು ನನಗಲ್ಲ, ಅವರಿಗೆ.

ಅಮ್ಮ ಚೇತರಿಸಿಕೊಂಡಿದ್ದಾಳೆ. ಇದು ನಾನು ಹೇಳುತ್ತಿರುವುದು, ಅವಳಲ್ಲ, ನಂಬು. ಧ್ವನಿ ತಿರುಗಿ ಬಂದಿದೆ, ಮೊನ್ನೆ ನನ್ನನ್ನು ಬೈದದ್ದು ಬೀದಿಗೆ ಕೇಳಿಸಿತು. ಕಾರ್ಖಾನೆಯ ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತುತ್ತಾಳೆ. ಕೂದಲು ಉದುರುವುದೂ ಸ್ವಲ್ಪ ಕಡಿಮೆಯಾಗಿದೆ. ಅದರ ಪೂರ್ತಿ ಶ್ರೇಯಸ್ಸನ್ನು ಅವಳು ನಿನ್ನ ಸೀಸೆಗೆ ಕೊಟ್ಟಿದ್ದಾಳೆ. ಅದನ್ನು ಬಾಚಣಿಗೆ ಡಬ್ಬಿಯಲ್ಲಿ ಎಣ್ಣೆಯ ಪಕ್ಕ ಇಟ್ಟಿದ್ದಾಳೆ. ವೈದ್ಯರ ಮಾತ್ರೆ ಇರುವುದು ಕಿಟಕಿಯ ಮೇಲೆ. ಬೆಳಿಗ್ಗೆ ಎದ್ದವಳು ಮೊದಲು ಡಬ್ಬಿ ತೆಗೆಯುತ್ತಾಳೆ, ಆಮೇಲೆ ಕಿಟಕಿ. "ಮೊದಲು ಅಕ್ಕಂದು, ಆಮೇಲೆ ಡಾಕ್ಟರದು" ಎನ್ನುತ್ತಾಳೆ. ನಾನು ನೀರು ಹಿಡಿದು ನಿಂತಿರುತ್ತೇನೆ.

ರಕ್ತ ಪರೀಕ್ಷೆಯ ಫಲಿತಾಂಶ ಬಂತು. ಮಾತ್ರೆ ಹೆಚ್ಚಾಯಿತು ಎಂದು ವೈದ್ಯರು ಪ್ರಮಾಣ ಇಳಿಸಿದ್ದಾರೆ. ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಅಮ್ಮ ಇಲ್ಲ ಎಂದಳು. ನನ್ನ ಕಡೆ ನೋಡಿದರು, ನಾನೂ ಇಲ್ಲ ಎಂದೆ. ಔಷಧಿ ಅಂತ ಕಿಟಕಿಯ ಮೇಲೆ ಇದ್ದದ್ದು ಅವರು ಕೊಟ್ಟ ಅದೊಂದೇ.

ನೀನು ನವೆಂಬರಿನಲ್ಲಿ ಬರುವುದನ್ನು ಅಮ್ಮ ಕಂಡಕಂಡವರಿಗೆಲ್ಲ ಹೇಳುತ್ತಿದ್ದಾಳೆ.

ಬುಗುರಿ


ಜುಲೈ ೧೧

ಬುಗುರಿ,

ಹೆಚ್ಚಾಯಿತು ಎಂದರೆ ಒಳ್ಳೆಯದಾಯಿತು ಎಂದೇ ಅರ್ಥ. ಗ್ರಂಥಿ ಎಚ್ಚರಗೊಂಡಿದೆ. ಈ ಸಲ ಕಳಿಸಿರುವ ಸೀಸೆಗಳಲ್ಲಿ ಜೀವಸತ್ವ ಮೊದಲಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹೊಸ ಸರಕು, ಮೊದಲ ಪೆಟ್ಟಿಗೆ ಒಡೆದ ಕೂಡಲೇ ಅಮ್ಮನಿಗೆಂದು ಎತ್ತಿಟ್ಟೆ.

ಮೊನ್ನೆ ಒಬ್ಬ ಮುದುಕಿ ಅಂಗಡಿಗೆ ಬಂದು ನನ್ನ ಜಡೆ ನೋಡಿ, ಇಷ್ಟು ಕೂದಲು ಹೇಗೆ ಬಂತು ಎಂದು ಕೇಳಿದಳು. ಅಮ್ಮನದು ಎಂದೆ. ಕೊಂಡುಕೊಂಡೆಯಾ ಎಂದಳು. ನಾನು ನಕ್ಕು ನಕ್ಕು ಸಾಕಾದೆ. ಇದನ್ನು ಅಮ್ಮನಿಗೆ ಓದಿ ಹೇಳು.

ಅಕ್ಕ


ಆಗಸ್ಟ್ ೨೦

ಅಕ್ಕ,

ಓದಿ ಹೇಳಿದೆ. ಎಲ್ಲಿ ನಗಬೇಕೆಂದು ಅವಳಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಓದಿದೆ. ಆಮೇಲೆ ನನ್ನ ಮುಖ ನೋಡಿ ನಕ್ಕಳು.

ಏನೋ ತಪ್ಪಾಗಿದೆ. ಏನೆಂದು ನನಗೆ ಗೊತ್ತಾಗುತ್ತಿಲ್ಲ. ಮಳೆ ಕೈಕೊಟ್ಟ ಈ ಸೆಕೆಗೆ ಬೀದಿಯ ನಾಯಿಗಳು ಚರಂಡಿಯಲ್ಲಿ ಮಲಗಿವೆ, ಅಮ್ಮ ಕಾಲುಚೀಲ ಹಾಕಿಕೊಂಡು ಕೂತಿದ್ದಾಳೆ. ಮುಖ ಮತ್ತೆ ಊದಿದೆ. ಹುಬ್ಬಿನ ಕೊನೆಗಳು ಉದುರಿವೆ. ಒಂದು ಮಾತು ಶುರು ಮಾಡಿದರೆ ಅದು ಮುಗಿಯುವಷ್ಟರಲ್ಲಿ ನಾನು ಪಾತ್ರೆ ತೊಳೆದು ಬಂದಿರುತ್ತೇನೆ. ಎಲ್ಲವೂ ಮಾರ್ಚಿನಲ್ಲಿದ್ದ ಹಾಗೇ, ಅದಕ್ಕಿಂತ ಜಾಸ್ತಿ.

ಆದರೆ ರಕ್ತದ ರಿಪೋರ್ಟ್ ಇದಕ್ಕೆ ತದ್ವಿರುದ್ಧ ಹೇಳುತ್ತದೆ. ಹಾರ್ಮೋನು ವಿಪರೀತ ಹೆಚ್ಚಿದೆಯಂತೆ, ಹೀಗೇ ಬಿಟ್ಟರೆ ಹೃದಯಕ್ಕೆ ಅಪಾಯವಂತೆ. ವೈದ್ಯರು ಮಾತ್ರೆಯನ್ನು ಪೂರ್ತಿ ನಿಲ್ಲಿಸಿಬಿಟ್ಟರು. ಮಾತ್ರೆ ಇಳಿಸಿದ ಮೇಲೆ ಹಾರ್ಮೋನು ಹೇಗೆ ಏರುತ್ತದೆ, ಇವಳು ಚಳಿಗೆ ನಡುಗುತ್ತಿದ್ದಾಳಲ್ಲ ಎಂದು ಕೇಳಿದೆ. ಅವರು ಕಾಗದವನ್ನು ನನ್ನ ಕಡೆ ತಿರುಗಿಸಿದರು. "ಎಷ್ಟನೇ ಕ್ಲಾಸ್ ಓದಿದ್ದೀಯಮ್ಮ?" ಒಂಬತ್ತು ಪಾಸ್ ಎಂದೆ. ಕಾಗದ ವಾಪಸು ತೆಗೆದುಕೊಂಡರು.

ಇನ್ನೊಂದು ಇದೆ. ಅಮ್ಮ ಕಟ್ಟಿದ ಒಂದು ಕೃತಕ ಕೂದಲು ನಾಟಕದವರಿಂದ ತಿರುಗಿ ಬಂತು. ಬಾಚಣಿಗೆ ಇಟ್ಟರೆ ಸಾಕು, ಗಂಟು. ಬಿಚ್ಚಿ ನೋಡಿದೆ. ಬುಡ ಬರಬೇಕಾದಲ್ಲಿ ತುದಿ ಕಟ್ಟಿದ್ದಾಳೆ, ಸಾಲು ಸಾಲು. ಈ ಕೆಲಸಕ್ಕೆ ಸೇರಿದ ಮೊದಲ ವಾರದ ಹುಡುಗಿಯೂ ಮಾಡದ ತಪ್ಪು. ಬೆರಳಲ್ಲಿ ಉಜ್ಜಿದರೇ ಬುಡ ಯಾವ ಕಡೆ ಎಂದು ಹೇಳುತ್ತಿದ್ದವಳು ಅವಳು. ನನಗೂ ಕಲಿಸಿದವಳು. ನಾನು ಗುಟ್ಟಾಗಿ ಮತ್ತೆ ಕಟ್ಟಿದೆ, ಯಜಮಾನರು ನೋಡಿಬಿಟ್ಟರು, ಯಾರ ತಪ್ಪು ಎಂದು ಕೇಳಿದರು. ಹೇಳಿದೆ.

ಈಗ ಅಮ್ಮನನ್ನು ಕೂದಲು ಕಟ್ಟುವ ಮರದ ತಲೆಯ ಮುಂದಿನಿಂದ ಎಬ್ಬಿಸಿ ಕೂದಲು ತೊಳೆಯುವ ಕೋಣೆಗೆ ಹಾಕಿದ್ದಾರೆ. ಅಲ್ಲಿ ಇಡೀ ದಿನ ತಣ್ಣೀರು. ಆ ಸಂಜೆ ಅವಳು ಮನೆಯ ಬಾಗಿಲಲ್ಲಿ ನಿಂತು ಹೇಳಿದಳು: "ನಿನ್ನ ನಿಜ ತಗೊಂಡು ನಾನೇನ್ ಮಾಡ್ಲೇ, ಹೊದ್ಕೊಳ್ಳಲಾ?"

ಕಂಬಳಿ ತಂದು ಹೊದಿಸಿದೆ, ಅಕ್ಕ.

ಬುಗುರಿ


ಸೆಪ್ಟೆಂಬರ್ ೨೭

ಬುಗುರಿ,

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹಾಗೇ ಓದು. ಯಜಮಾನರ ಮುಂದೆ ಬಾಯಿ ಮುಚ್ಚಿಕೊಂಡಿದ್ದರೆ ನಿನ್ನ ಗಂಟು ಏನು ಹೋಗುತ್ತಿತ್ತು? ಶಾಲೆಯಲ್ಲೂ ಇದೇ, ಕಾರ್ಖಾನೆಯಲ್ಲೂ ಇದೇ. ನೀನು ನಿಜ ಹೇಳಿ ಹಗುರಾಗುತ್ತೀಯ, ಭಾರ ಬೇರೆಯವರು ಹೊರುತ್ತಾರೆ.

ರಕ್ತ ಸುಳ್ಳು ಹೇಳುವುದಿಲ್ಲ. ಯಂತ್ರ ಒಂದು ಹೇಳಿದೆ, ಓದಿದವರು ಅದನ್ನು ನೋಡಿ ತೀರ್ಮಾನಿಸಿದ್ದಾರೆ. ನಿನಗೆ ಮಾತ್ರ ಎಲ್ಲರೂ ತಪ್ಪು. ಅಮ್ಮನಿಗೆ ಮರೆವು ಬಂದಿದ್ದರೆ ಅದು ವಯಸ್ಸಿನದು. ಚಳಿಯಾದರೆ ಬಿಸಿನೀರು ಕೊಡು. ಪದೇ ಪದೇ ಕಾಯಿಲೆ ಕಾಯಿಲೆ ಎಂದು ಅವಳ ಎದೆ ಒಡೆಯಬೇಡ.

ನವೆಂಬರಿನಲ್ಲಿ ಬರಲಾಗುವುದಿಲ್ಲ. ಇಲ್ಲಿ ಕೆಲಸದ ಅವಧಿ ಫೆಬ್ರವರಿವರೆಗೆ ಮುಂದುವರಿಸಿದ್ದಾರೆ. ನಾನಾಗಿ ಕೇಳಿದ್ದಲ್ಲ. ಅಮ್ಮನಿಗೆ ನೀನೇ ಹೇಳು, ನೋಯದ ಹಾಗೆ ಹೇಳಲು ಬಂದರೆ. ಇನ್ನೂ ಎರಡು ಸೀಸೆ ಕಳಿಸಿದ್ದೇನೆ.

ಅಕ್ಕ


ನವೆಂಬರ್ ೩

ಅಕ್ಕ,

ನಿನ್ನ ಬೈಗುಳ ಸಿಕ್ಕಿತು. ಸ್ವಲ್ಪ ನನಗೆ ಸಲ್ಲಬೇಕಾದದ್ದೇ.

ಅಮ್ಮನಿಗೆ ಫೆಬ್ರವರಿ ಎಂದು ಹೇಳಿದೆ. "ಹಾಂ" ಎಂದಳು. ಮರುದಿನ ನೀನು ಯಾವಾಗ ಬರುತ್ತೀಯೆಂದು ಕೇಳಿದಳು. ದಿನಾ ಕೇಳುತ್ತಾಳೆ, ದಿನಾ ಹೇಳುತ್ತೇನೆ. ಹಾಗಾಗಿ ಅವಳಿಗೆ ಅದು ಪ್ರತಿದಿನವೂ ಹೊಸದಾಗಿ ನೋಯುತ್ತದೆ.

ಈಗ ಕೆಲಸಕ್ಕೆ ಹೋಗುತ್ತಿಲ್ಲ. ಹೆಚ್ಚು ಹೊತ್ತು ನಿದ್ದೆ. ಎಬ್ಬಿಸಿದರೆ ಬಾವಿಯ ತಳದಿಂದ ಎದ್ದು ಬಂದವಳ ಹಾಗೆ ನೋಡುತ್ತಾಳೆ. ಕೈ ಮುಟ್ಟಿದರೆ ಒಗೆದು ಹಿಂಡಿದ ಬಟ್ಟೆಯ ಹಾಗೆ ತಣ್ಣಗೆ. ಎರಡು ದಿನದಿಂದ ಕೆಮ್ಮು. ಕಿಟಕಿಯ ಮೇಲೆ ಈಗ ಏನೂ ಇಲ್ಲ, ಆದರೂ ಬೆಳಿಗ್ಗೆ ಬಾಚಣಿಗೆ ಡಬ್ಬಿಯತ್ತ ಕೈ ತೋರಿಸುವುದನ್ನು ಮಾತ್ರ ಮರೆಯುವುದಿಲ್ಲ. ನಿನ್ನ ಮಾತ್ರೆ ನುಂಗಿ, ಕೈಯಿಂದ ತಲೆ ಸವರಿಕೊಂಡು, ಬಂತಾ ಎಂದು ಕೇಳುತ್ತಾಳೆ. ಇನ್ನೂ ಇಲ್ಲ ಎನ್ನುತ್ತೇನೆ.

ದೊಡ್ಡ ಆಸ್ಪತ್ರೆಯಲ್ಲಿ ಬೇರೆ ವೈದ್ಯರಿಗೆ ತೋರಿಸಲು ಹೆಸರು ಬರೆಸಿದ್ದೇನೆ. ಮುಂದಿನ ತಿಂಗಳು ಕರೆದಿದ್ದಾರೆ.

ನಿನ್ನ ಸಿಟ್ಟೆಲ್ಲ ಇಟ್ಟುಕೋ, ಬಂದು ತೀರಿಸಿಕೋ. ಆದರೆ ಬಾ.

ಬುಗುರಿ


ನವೆಂಬರ್ ೨೫

ಬುಗುರಿ,

ಇಲ್ಲಿ ಸಮುದ್ರ ಗಲಾಟೆಯಲ್ಲಿದೆ. ಬಂದರಿನಲ್ಲಿ ಇಳಿಯಲಾಗದೆ ಮುಂದೆ ಬಂದೆವು, ಹಾಗಾಗಿ ನಿನ್ನ ಪತ್ರವಿದ್ದರೆ ಅದು ಅಲ್ಲೇ ಉಳಿದಿರಬೇಕು. ಫೋನೂ ಸಿಗುತ್ತಿಲ್ಲ. ಕಳೆದ ಸಲ ಬಹಳ ಬೈದೆ. ಬೈದ ಮೇಲೆ ನಿದ್ದೆ ಬರಲಿಲ್ಲ, ಅದನ್ನೂ ತಿಳಿದುಕೋ.

ಅಮ್ಮನಿಗೆ ಆಮೆಯ ಚಿಪ್ಪಿನ ಬಣ್ಣದ ಒಂದು ಬಾಚಣಿಗೆ ಕೊಂಡಿದ್ದೇನೆ. ಅಗಲ ಹಲ್ಲಿನದು. ಫೆಬ್ರವರಿಯಲ್ಲಿ ನಾನೇ ಅವಳ ತಲೆ ಬಾಚುತ್ತೇನೆ. ಅಷ್ಟರಲ್ಲಿ ಒಂದು ಗೇಣಾದರೂ ಬೆಳೆಸಿಟ್ಟುಕೊಳ್ಳಲು ಹೇಳು.

ಅಕ್ಕ


ಡಿಸೆಂಬರ್ ೧೫

ಅಕ್ಕ,

ಹಡಗಿನ ಕಚೇರಿಗೆ ಫೋನ್ ಮಾಡಿ ಸುದ್ದಿ ಹೇಳಿದವರು ಯಜಮಾನರು. ನನ್ನಿಂದ ಆಗಲಿಲ್ಲ. ನೀನು ನಡುಸಮುದ್ರದಿಂದ ಫೋನಿಗೆ ಬಂದಾಗಲೂ ನಿನ್ನ ಅಳು ಕೇಳಿಸಿಕೊಂಡು ಕೂತಿದ್ದೆ. ಆದ್ದರಿಂದ ಬರೆಯುತ್ತೇನೆ.

ಕೆಮ್ಮು ಎದೆಗೆ ಇಳಿಯಿತು. ಒಂದು ಬೆಳಿಗ್ಗೆ ಎದ್ದು ಕೂತಳು, ನೀರು ಕುಡಿದಳು, ಮತ್ತೆ ಮಲಗಿದಳು. ಮಧ್ಯಾಹ್ನ ಎಬ್ಬಿಸಿದರೆ ಏಳಲಿಲ್ಲ. ಎದುರು ಸಾಲಿನ ಅಜ್ಜಿ ಮತ್ತು ನಾನು ಹೊತ್ತುಕೊಂಡು ಇಳಿಸಿದೆವು. ಆಸ್ಪತ್ರೆಯಲ್ಲಿ ಜ್ವರ ನೋಡುವ ಕಡ್ಡಿ ಇಟ್ಟರೆ ಜ್ವರ ಇರುವ ಬದಲು ಮೈ ಆರಿಹೋಗಿತ್ತು. ಅಲ್ಲಿನ ವೈದ್ಯೆ ಕತ್ತು ಮುಟ್ಟಿ ನೋಡಿ, ಎಷ್ಟು ದಿನದಿಂದ ಥೈರಾಯ್ಡ್ ಮಾತ್ರೆ ಕೊಟ್ಟಿಲ್ಲ ಎಂದು ಕೇಳಿದರು. ಹೇಳಿದೆ. ಅವಳು ನುಂಗುತ್ತಿದ್ದದ್ದನ್ನೆಲ್ಲ ತೆಗೆದುಕೊಂಡು ಬಾ ಎಂದರು. ತಂದುಕೊಟ್ಟೆ. ನೋಡಿದರು. ಏನೋ ಹೇಳಿದರು. ಅದನ್ನೆಲ್ಲ ಈಗ ಬರೆಯಲು ಆಗುವುದಿಲ್ಲ.

ಸೂಜಿಯಲ್ಲಿ ಹಾರ್ಮೋನು ಕೊಟ್ಟರು, ಕಂಬಳಿ ಹೊದಿಸಿದರು. ಮೂರನೆಯ ದಿನ ಒಮ್ಮೆ ಕಣ್ಣು ಬಿಟ್ಟಳು. ನನ್ನನ್ನು ನೀನೆಂದುಕೊಂಡಳು. "ಬಂದ್ಯಾ" ಎಂದಳು. ನಾನು ಅಕ್ಕ ಅಲ್ಲ, ಬುಗುರಿ ಎಂದೆ.

ಯಾಕೆ ಹಾಗೆಂದೆನೋ. ಹೂಂ ಎಂದಿದ್ದರೆ ಆಗುತ್ತಿತ್ತು. ಅದಾದ ಮೇಲೆ ಅವಳು ಮತ್ತೆ ಕಣ್ಣು ಬಿಡಲಿಲ್ಲ.

ಬಾಚಣಿಗೆಯ ಪತ್ರ ಆಮೇಲೆ ಬಂತು. ನಿನ್ನ ಎರಡು ಸೀಸೆಯ ಪಾರ್ಸೆಲ್ ಕೂಡ. ಒಡೆದಿಲ್ಲ. ಇನ್ನು ಕಳಿಸಬೇಡ.

ಬುಗುರಿ


ಜನವರಿ ೧೨

ಬುಗುರಿ,

ಒಂದು ವಿಷಯ ಕೇಳಬೇಕು. ನೇರವಾಗಿ ಕೇಳುತ್ತೇನೆ, ನೀನು ನೇರವಾಗಿ ಹೇಳುವವಳು.

ಹಡಗಿನ ವೈದ್ಯರು ಅಂಗಡಿಗೆ ಏನೋ ಕೊಳ್ಳಲು ಬಂದಿದ್ದರು. ಅಮ್ಮನ ವಿಷಯ ಕೇಳಿದರು, ಹೇಳಿದೆ. ಮೈಯೊಂದು ಹೇಳುತ್ತಿತ್ತು, ರಕ್ತ ಇನ್ನೊಂದು ಹೇಳುತ್ತಿತ್ತು ಎಂದು ನೀನು ಬರೆದದ್ದನ್ನೂ ಹೇಳಿದೆ. ಅವರು ಆಮೇಲೆ ನನ್ನ ಹಿಂದಿನ ಕಪಾಟಿನಿಂದ ಗುಲಾಬಿ ಸೀಸೆ ಇಳಿಸಿ ಹಿಂಭಾಗ ಓದಿ, ಇದನ್ನೇನಾದರೂ ತೆಗೆದುಕೊಳ್ಳುತ್ತಿದ್ದರೇ ಎಂದು ಕೇಳಿದರು. ಈ ಜೀವಸತ್ವ ಹೆಚ್ಚು ಪ್ರಮಾಣದಲ್ಲಿ ರಕ್ತದಲ್ಲಿದ್ದರೆ ಕೆಲವು ಯಂತ್ರಗಳು ಮೋಸಹೋಗುತ್ತವಂತೆ. ಹಾರ್ಮೋನು ಇಲ್ಲದಿದ್ದರೂ ಬೇಕಾದಷ್ಟಿದೆ ಎಂದು ತೋರಿಸುತ್ತವಂತೆ. ಪರೀಕ್ಷೆಗೆ ಮುಂಚೆ ಕೆಲವು ದಿನ ನಿಲ್ಲಿಸಿದ್ದರೆ ಸಾಕಿತ್ತಂತೆ.

ಅಮ್ಮ ಅದನ್ನು ನುಂಗುತ್ತಿದ್ದಳೇ? ಪರೀಕ್ಷೆಯ ದಿನಗಳಲ್ಲೂ? ನೀನು ಏನು ಬರೆದರೂ ನಂಬುತ್ತೇನೆ.

ಅಕ್ಕ


ಫೆಬ್ರವರಿ ೨

ಅಕ್ಕ,

ಇಲ್ಲ. ಆ ಮಾತ್ರೆಗಳನ್ನು ಅಮ್ಮ ಮೊದಲ ತಿಂಗಳೇ ಬಿಟ್ಟುಬಿಟ್ಟಳು. ರುಚಿ ಹಿಡಿಸಲಿಲ್ಲವಂತೆ. ನಿನಗೆ ಬೇಜಾರಾಗಬಾರದೆಂದು ಹೇಳಲಿಲ್ಲ. ಸೀಸೆಗಳನ್ನೆಲ್ಲ ಎದುರು ಸಾಲಿನ ಅಜ್ಜಿಗೆ ಕೊಟ್ಟಳು, ಬೇಕಾದರೆ ಅಜ್ಜಿಯನ್ನೇ ಕೇಳು. ರಿಪೋರ್ಟ್ ಯಾಕೆ ಹಾಗೆ ಬಂತೋ ಯಾರಿಗೂ ಗೊತ್ತಿಲ್ಲ. ಯಂತ್ರ ಕೆಟ್ಟಿರಬೇಕು. ನಿನ್ನದೇನೂ ಇಲ್ಲ ಇದರಲ್ಲಿ. ಏನೂ ಇಲ್ಲ.

ನಾನು ಚೆನ್ನಾಗಿದ್ದೇನೆ. ಊಟ ಸರಿಯಾಗಿ ಮಾಡುತ್ತೇನೆ. ಕೆಲಸದಲ್ಲೂ ತೊಂದರೆಯಿಲ್ಲ.

ಬುಗುರಿ


ಫೆಬ್ರವರಿ ೧೯

ಬುಗುರಿ,

ನುಂಗುವ ಮಾತ್ರೆಗೆ ಎಲ್ಲಿಯ ರುಚಿ?

ನಿನ್ನ ಪತ್ರಗಳೆಲ್ಲ ನನ್ನ ಹಾಸಿಗೆಯ ಕೆಳಗಿವೆ. ಕೊನೆಗೆ ಬಂದು ಸೇರಿದ ನವೆಂಬರಿನದೂ ಇದೆ. ಮೊದಲು ಅಕ್ಕಂದು, ಆಮೇಲೆ ಡಾಕ್ಟರದು. ಬಂತಾ ಎಂದು ಕೇಳುತ್ತಾಳೆ. ಅವನ್ನು ಬರೆದವಳು ನೀನೇ, ಮರೆತೆಯಾ? ಊಟ ಸರಿಯಾಗಿ ಮಾಡುತ್ತೇನೆ ಎಂದು ನೀನು ಬರೆದ ಕೂಡಲೇ ನನಗೆ ಗೊತ್ತಾಯಿತು. ಅದು ಅಮ್ಮ ಫೋನಿನಲ್ಲಿ ಆಡುತ್ತಿದ್ದ ಮಾತು.

ಇಷ್ಟು ಕೆಟ್ಟದಾಗಿ ಸುಳ್ಳು ಹೇಳುವವಳನ್ನು ನಾನು ನೋಡಿಲ್ಲ. ನನಗೆ ಬರುತ್ತದೆ, ಚೆನ್ನಾಗಿ ಬರುತ್ತದೆ. ಕೆಲಸದ ಅವಧಿ ಅವರು ಮುಂದುವರಿಸಲಿಲ್ಲ. ನಾನೇ ಅರ್ಜಿ ಕೊಟ್ಟೆ. ಅಮ್ಮ ಹಾಗಿರುವುದನ್ನು ಬಂದು ನೋಡಲು ಹೆದರಿಕೆಯಾಗಿತ್ತು. ನೋಡದಿದ್ದರೆ ನೀನು ಬರೆದದ್ದು ಉತ್ಪ್ರೇಕ್ಷೆ ಎಂದು ಅಂದುಕೊಂಡಿರಬಹುದಾಗಿತ್ತು.

ಅಂಗಡಿ ಬಿಟ್ಟಿದ್ದೇನೆ. ಆ ಕಪಾಟಿಗೆ ಬೆನ್ನು ಕೊಟ್ಟು ನಿಲ್ಲಲಾಗಲಿಲ್ಲ. ಹಡಗು ನಮ್ಮ ತೀರ ಮುಟ್ಟುವುದು ಮುಂದಿನ ತಿಂಗಳ ಕೊನೆಗೆ, ಆಗ ಇಳಿಯುತ್ತೇನೆ. ಅದಕ್ಕೆ ಮುಂಚೆ ಒಂದು ಪತ್ರ ಬರೆ. ನನ್ನನ್ನು ಉಳಿಸಲು ಬರೆಯಬೇಡ. ಮನೆಗೆ ಬಂದ ಮೇಲೆ ಅಲ್ಲಿ ಒಬ್ಬರಾದರೂ ನಿಜ ಹೇಳುವವರು ಇರಬೇಕು. ಇಲ್ಲದಿದ್ದರೆ ನಾನು ಯಾರ ಜೊತೆ ಅಳಲಿ?

ಅಕ್ಕ


ಮಾರ್ಚ್ ೯

ಅಕ್ಕ,

ದಿನಾ ನುಂಗಿದಳು. ಪರೀಕ್ಷೆಯ ದಿನಗಳಲ್ಲೂ. ಕೊನೆಯ ಬೆಳಿಗ್ಗೆಯೂ.

ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ವೈದ್ಯರು ಕೇಳಿದಾಗ ಇಲ್ಲ ಎಂದವಳು ನಾನು. ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ನೀರು ಹಿಡಿದವಳೂ ನಾನೇ. ಕಳಿಸಿದ್ದು ನೀನು, ಕುಡಿಸಿದ್ದು ನಾನು. ಆಸ್ಪತ್ರೆಯ ಆ ವೈದ್ಯೆ ಹೇಳಿದ್ದನ್ನು ಅಂದಿನಿಂದ ಒಬ್ಬಳೇ ಇಟ್ಟುಕೊಂಡಿದ್ದೆ. ಹೊದ್ದುಕೊಳ್ಳಲು ಬರಲಿಲ್ಲ.

ಅಮ್ಮ ಕಟ್ಟಿಟ್ಟ ಕೂದಲಿನ ಸಿವುಡುಗಳು ಬಾಚಣಿಗೆ ಡಬ್ಬಿಯಲ್ಲಿವೆ. ಮೊದಲಿನವು ನೇರವಾಗಿವೆ. ಆಮೇಲಿನವುಗಳಲ್ಲಿ ಬುಡ ತುದಿ ಎಲ್ಲ ಬೆರೆತಿದೆ. ಒಂದೊಂದೇ ಎಳೆ ಬೆರಳಲ್ಲಿ ಉಜ್ಜಿ ಬಿಡಿಸುತ್ತಿದ್ದೇನೆ. ಬಹಳ ಉಳಿದಿದೆ.

ಬಾಚಣಿಗೆ ತೆಗೆದುಕೊಂಡು ಬಾ.

ಬುಗುರಿ